ವಿನಂತಿಯೋ, ಅಪ್ಪಣೆಯೋ? ಇಂಗ್ಲಿಷ್ ಪತ್ರದಲ್ಲಿ ವಿನಯದ ಮಾತು

ಮಗುವಿನ ಶಾಲೆಗೋ, ಬ್ಯಾಂಕಿಗೋ, ಮಗಳು ಸೇರಬೇಕಾದ ಕಾಲೇಜಿಗೋ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಯಬೇಕಾಗಿ ಬಂದಾಗ ನಿಮ್ಮ ಮನೆಯಲ್ಲಿ ಯಾರು ಬರೆಯುತ್ತಾರೆ? ಗಂಡ ಊರಿನಲ್ಲಿದ್ದರೆ ಅವರು ಬರೆದಾರು. ಅವರು ಗಲ್ಫಿನಲ್ಲಿದ್ದರೆ? ಆಗ ಪೆನ್ನು ಹಿಡಿಯಬೇಕಾದವರು ನೀವೇ. ನಮ್ಮ ಎಷ್ಟೋ ಮನೆಗಳಲ್ಲಿ ಇಂದಿನ ಸ್ಥಿತಿ ಇದು.

ನನ್ನ ನಾದಿನಿಯದೂ ಇದೇ ಕತೆ. ಅವಳ ಗಂಡ ದಮ್ಮಾಮಿನಲ್ಲಿ ದುಡಿಯುತ್ತಾರೆ. ಮಗಳ ಪಿಯುಸಿ ಮುಗಿದು ನರ್ಸಿಂಗ್ ಕಾಲೇಜಿಗೆ ಸೇರಿಸುವ ಹೊತ್ತಿಗೆ ಒಂದು ತೊಡಕು ಎದುರಾಯಿತು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ‘ಮೊಹಮ್ಮದ್’ ಎಂದು ಪೂರ್ತಿಯಾಗಿದೆ. ಹಳೆಯ ಶಾಲೆ ಕೊಟ್ಟ ವರ್ಗಾವಣೆ ಪತ್ರದಲ್ಲಿ ಅದು ‘ಎಂಡಿ’ ಎಂಬ ಎರಡಕ್ಷರಕ್ಕೆ ಇಳಿದಿದೆ. ಎರಡೂ ಒಂದೇ ಹೆಸರು ಎಂದು ನಮಗೆ ಗೊತ್ತು, ದಾಖಲೆ ನೋಡುವವರಿಗೆ ಗೊತ್ತಿರಬೇಕಲ್ಲ? ತಿದ್ದಿಸಿಕೊಂಡು ಬನ್ನಿ ಎಂದು ಕಾಲೇಜಿನವರು ಹತ್ತು ದಿನಗಳ ಗಡುವು ಕೊಟ್ಟರು.

ನಾದಿನಿ ಆ ರಾತ್ರಿಯೇ ಕುಳಿತು ಇಂಗ್ಲಿಷಿನಲ್ಲಿ ಪತ್ರ ಬರೆದಳು. ಅದರ ಮುಖ್ಯ ಸಾಲುಗಳು ಹೀಗಿದ್ದವು: ‘ಐ ವಾಂಟ್ ಕರೆಕ್ಷನ್ ಇನ್ ಮೈ ಡಾಟರ್ಸ್ ಟಿಸಿ. ಯು ಹ್ಯಾವ್ ರಾಂಗ್ಲಿ ರಿಟನ್ ಫಾದರ್ಸ್ ನೇಮ್. ಯು ಶುಡ್ ಗಿವ್ ನ್ಯೂ ಟಿಸಿ ಇಮ್ಮೀಡಿಯೆಟ್ಲಿ. ಪ್ಲೀಸ್ ಕೈಂಡ್ಲಿ ಡು ದ ನೀಡ್‌ಫುಲ್.’

ನಾಲ್ಕು ದಿನ ಕಳೆದರೂ ಉತ್ತರವಿಲ್ಲ. ಐದನೆಯ ದಿನ ಹೋಗಿ ಕೇಳಿದರೆ ಕಚೇರಿಯಲ್ಲಿದ್ದವರು ಮುಖ ಗಂಟಿಕ್ಕಿ, “ನೀವು ನಮಗೆ ಆರ್ಡರ್ ಮಾಡಿ ಬರೆದಿದ್ದೀರಲ್ಲ” ಎಂದರಂತೆ. ಅವಳು ಕಣ್ಣೀರು ತುಂಬಿಕೊಂಡು ನಮ್ಮ ಮನೆಗೆ ಬಂದಳು. “ಭಾಬಿ, ಎರಡೆರಡು ಸಲ ವಿನಯದ ಪದ ಹಾಕಿದ್ದೇನೆ. ಪ್ಲೀಸ್ ಇದೆ, ಕೈಂಡ್ಲಿಯೂ ಇದೆ. ಇನ್ನು ಹೇಗೆ ಬರೆಯಬೇಕಿತ್ತು?”

ಅವಳ ಪ್ರಶ್ನೆ ನ್ಯಾಯವಾದದ್ದೇ. ಅವಳ ಮನಸ್ಸಿನಲ್ಲಿ ಅಹಂಕಾರವಿರಲಿಲ್ಲ. ಕನ್ನಡದಲ್ಲಿ ಅವಳು ಬರೆದಿದ್ದರೆ ಅದು ಸೊಗಸಾದ ವಿನಂತಿಪತ್ರವೇ ಆಗಿರುತ್ತಿತ್ತು. ಹಾಗಾದರೆ ಎಡವಿದ್ದು ಎಲ್ಲಿ?

ನಮ್ಮ ‘ಬೇಕು’ ಅವರ ‘ಮಸ್ಟ್’ ಅಲ್ಲ

ಕನ್ನಡದಲ್ಲಿ ನಾವು ಅತ್ಯಂತ ವಿನಯದಿಂದ ಹೇಳುವ ಮಾತು ಯಾವುದು? ‘ತಾವು ದಯಮಾಡಿ ಬರಬೇಕು.’ ‘ನನಗೆ ಮೂರು ದಿನ ರಜೆ ನೀಡಬೇಕಾಗಿ ವಿನಂತಿ.’ ಎರಡರಲ್ಲೂ ‘ಬೇಕು’ ಇದೆ. ನಮ್ಮ ಭಾಷೆಯಲ್ಲಿ ಈ ‘ಬೇಕು’ ತಲೆಬಾಗಿಸಿ ನಿಂತ ಪದ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ‘ಯು ಮಸ್ಟ್ ಗಿವ್’, ‘ಯು ಶುಡ್ ಗಿವ್’ ಎಂದು ಬರೆದ ಕೂಡಲೇ ಅದು ಬೆರಳು ತೋರಿಸಿ ನಿಲ್ಲುತ್ತದೆ. ಮಸ್ಟ್ ಎಂದರೆ ಕಡ್ಡಾಯ. ಶುಡ್ ಎಂದರೆ ‘ಇದು ನಿನ್ನ ಕರ್ತವ್ಯ’ ಎಂಬ ಬುದ್ಧಿಮಾತು. ಯಾರಿಂದ ಸಹಾಯ ಕೇಳುತ್ತೇವೆಯೋ ಅವರಿಗೆ ಬುದ್ಧಿ ಹೇಳಿದರೆ ಹೇಗಿರುತ್ತದೆ, ನೀವೇ ಯೋಚಿಸಿ.

ಒಂದು ಸ್ವಾರಸ್ಯವೂ ಇದೆ. ‘ಯು ಮಸ್ಟ್ ಕಮ್ ಟು ಅವರ್ ಹೌಸ್’ ಎಂದು ಇಂಗ್ಲಿಷಿನಲ್ಲಿ ಗೆಳತಿಗೆ ಹೇಳಿದರೆ ಅದು ಒರಟಲ್ಲ, ಪ್ರೀತಿಯ ಒತ್ತಾಯ. ‘ಹ್ಯಾವ್ ಸಮ್ ಮೋರ್ ಬಿರಿಯಾನಿ’ ಎಂಬಲ್ಲಿ ಪ್ಲೀಸ್ ಇಲ್ಲದಿದ್ದರೂ ಕೇಳುವವರಿಗೆ ಬೇಸರವಾಗುವುದಿಲ್ಲ. ಏಕೆ? ಅಲ್ಲಿ ಲಾಭ ಕೇಳುವವರಿಗೆ. ಲಾಭ ನಮಗೆ, ಶ್ರಮ ಅವರಿಗೆ ಎಂದಾದಾಗ ಮಾತ್ರ ಮಾತನ್ನು ಮೆದುಗೊಳಿಸಬೇಕು. ಜೆಫ್ರಿ ಲೀಚ್ ಎಂಬ ಭಾಷಾವಿಜ್ಞಾನಿ 1983ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಲಾಭ ಮತ್ತು ಶ್ರಮದ ಈ ಲೆಕ್ಕವನ್ನು ಚೆನ್ನಾಗಿ ವಿವರಿಸಿದ್ದಾರೆ. ಪತ್ರ ಬರೆಯುವ ಮೊದಲು ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿ: ಈ ಕೆಲಸದ ಶ್ರಮ ಯಾರಿಗೆ? ಶ್ರಮ ಹೆಚ್ಚಿದಷ್ಟೂ ಮಾತು ಮೆದುವಾಗಲಿ.

ಇಂಗ್ಲಿಷಿಗೆ ‘ತಾವು’ ಇಲ್ಲ

ಕನ್ನಡದಲ್ಲಿ ‘ಕೊಡು’ ಎನ್ನುವುದಕ್ಕೂ ‘ಕೊಡಿ’ ಎನ್ನುವುದಕ್ಕೂ ಎಷ್ಟು ವ್ಯತ್ಯಾಸ! ನೀನು, ನೀವು, ತಾವು ಎಂದು ಮೂರು ಮೆಟ್ಟಿಲುಗಳಿವೆ. ಉರ್ದುವಿನಲ್ಲಿ ತೂ, ತುಮ್, ಆಪ್ ಇವೆ. ‘ದೀಜಿಯೇ’ ಎಂದರೆ ಸಾಕು, ಗೌರವ ಕ್ರಿಯಾಪದದಲ್ಲೇ ಕುಳಿತಿರುತ್ತದೆ. ಬೇರೆ ಪದ ಹುಡುಕುವ ಅಗತ್ಯವೇ ಇಲ್ಲ.

ಇಂಗ್ಲಿಷಿನಲ್ಲೂ ಒಂದು ಕಾಲದಲ್ಲಿ ‘ದೌ’ ಎಂಬ ಏಕವಚನವೂ ‘ಯು’ ಎಂಬ ಬಹುವಚನವೂ ಇದ್ದವು. ಕ್ರಮೇಣ ‘ದೌ’ ದಿನಬಳಕೆಯಿಂದ ಮರೆಯಾಗಿ ಎಲ್ಲರಿಗೂ ‘ಯು’ ಒಂದೇ ಉಳಿಯಿತು. ಮಗುವಿಗೂ ಯು, ಮಂತ್ರಿಗೂ ಯು. ಹಾಗಾಗಿ ಗೌರವ ತೋರಿಸುವ ಭಾರವೆಲ್ಲ ವುಡ್, ಕುಡ್, ಮೇ ಮುಂತಾದ ಸಣ್ಣ ಪದಗಳ ಮೇಲೆ ಮತ್ತು ವಾಕ್ಯದ ರಚನೆಯ ಮೇಲೆ ಬಿತ್ತು. ನಾವು ‘ಕೊಡಿ’ ಎಂಬುದನ್ನು ‘ಗಿವ್’ ಎಂದು ಅನುವಾದಿಸಿದಾಗ ಕಳೆದುಹೋಗುವುದು ಆ ‘ಇ’ಕಾರದಲ್ಲಿದ್ದ ಮರ್ಯಾದೆ. ಅದನ್ನು ಬೇರೆ ಪದದ ಮೂಲಕ ಮರಳಿ ತುಂಬಬೇಕು.

‘ಸ್ವಲ್ಪ’ ಎಂಬ ಪದವನ್ನೇ ನೋಡಿ. ‘ಸ್ವಲ್ಪ ಪೆನ್ನು ಕೊಡಿ’ ಎಂದರೆ ಅರ್ಧ ಪೆನ್ನು ಸಾಕು ಎಂದಲ್ಲ. ಅದು ವಿನಯದ ಪದ. ಉರ್ದುವಿನ ‘ಝರಾ’ ಕೂಡ ಹೀಗೆಯೇ. ಅದನ್ನು ‘ಲಿಟ್ಲ್’ ಎಂದು ಅನುವಾದಿಸಿದರೆ ನಗು ಬಂದೀತು. ‘ಕುಡ್ ಯು’ ಎಂಬುದೇ ಅಲ್ಲಿ ನಮ್ಮ ‘ಸ್ವಲ್ಪ’.

ಭೂತಕಾಲದ ಗುಟ್ಟು

ಕ್ಯಾನ್ ಇದ್ದದ್ದು ಕುಡ್ ಆದರೆ, ವಿಲ್ ಇದ್ದದ್ದು ವುಡ್ ಆದರೆ ವಿನಯ ಹೆಚ್ಚುತ್ತದೆ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಏಕೆ ಎಂದು ಯಾರೂ ಹೇಳಿರುವುದಿಲ್ಲ. ರೂಪದಲ್ಲಿ ಕುಡ್, ವುಡ್ ಎರಡೂ ಭೂತಕಾಲದ ಪದಗಳು. ಇನ್ನೂ ಆಗಬೇಕಾದ ಕೆಲಸಕ್ಕೆ ಭೂತಕಾಲವೇಕೆ?

ನೆರೆಮನೆಗೆ ಹೋಗಿ ಏನಾದರೂ ಕೇಳುವಾಗ ನೀವು ಏನೆನ್ನುತ್ತೀರಿ? ‘ಒಂದು ಮಾತು ಕೇಳಬೇಕಿತ್ತು.’ ‘ಸ್ವಲ್ಪ ಸಕ್ಕರೆ ಬೇಕಾಗಿತ್ತು.’ ಬೇಕಾಗಿರುವುದು ಈಗ, ಆದರೆ ಹೇಳುವುದು ‘ಬೇಕಾಗಿತ್ತು’. ನಾವೂ ಭೂತಕಾಲದ ಮರೆಯಲ್ಲಿ ನಿಂತೇ ಕೇಳುತ್ತೇವೆ. ಹಾಗೆ ಕೇಳಿದರೆ ಎದುರಿನವರಿಗೆ ‘ಇಲ್ಲ’ ಎನ್ನಲು ಜಾಗ ಸಿಗುತ್ತದೆ. ಇಲ್ಲ ಎನ್ನಲು ಜಾಗ ಬಿಟ್ಟು ಕೇಳುವುದೇ ವಿನಯ. ‘ಐ ವಾಂಟ್’ ಎನ್ನುವ ಬದಲು ‘ಐ ವುಡ್ ಲೈಕ್’ ಎನ್ನುವುದು, ‘ಕ್ಯಾನ್ ಯು’ ಎನ್ನುವ ಬದಲು ‘ಕುಡ್ ಯು’ ಎನ್ನುವುದು ನಮ್ಮ ‘ಬೇಕಾಗಿತ್ತು’ವಿನ ಇಂಗ್ಲಿಷ್ ರೂಪವೆಂದು ತಿಳಿಯಿರಿ. ಮತ್ತೆ ಮರೆಯುವುದಿಲ್ಲ.

ಪ್ಲೀಸ್ ಒಂದೇ ಸಾಲದು

‘ಇಫ್ ಇಟ್ ಪ್ಲೀಸ್ ಯು’, ಅಂದರೆ ‘ನಿಮಗೆ ಇಷ್ಟವಾದರೆ’ ಎಂಬಂತಹ ಹಳೆಯ ಮಾತು ಸವೆದು ಸವೆದು ಉಳಿದದ್ದೇ ಪ್ಲೀಸ್. ಇಂದು ಅದರಲ್ಲಿ ಆ ‘ಇಷ್ಟವಾದರೆ’ ಬಹುಮಟ್ಟಿಗೆ ಉಳಿದಿಲ್ಲ. ‘ಪ್ಲೀಸ್ ಸೆಂಡ್ ದ ಫಾರ್ಮ್’ ಎಂಬುದು ಮರ್ಯಾದೆಯ ಅಪ್ಪಣೆ, ಅಷ್ಟೇ. ಸಣ್ಣಪುಟ್ಟ, ದಿನನಿತ್ಯದ ಕೆಲಸಕ್ಕೆ ಇದು ಸಾಕು. ಅಂಗಡಿಗೆ, ಪರಿಚಿತ ಟೀಚರಿಗೆ ಹೀಗೆ ಬರೆಯಬಹುದು. ಆದರೆ ಶುಲ್ಕಕ್ಕೆ ಕಾಲಾವಕಾಶ, ದಾಖಲೆಯ ತಿದ್ದುಪಡಿ, ಹಾಸ್ಟೆಲಿನಲ್ಲಿ ಜಾಗ ಮುಂತಾದ ಉಪಕಾರ ಕೇಳುವಾಗ ಪ್ಲೀಸ್ ಸೇರಿಸಿದ ಅಪ್ಪಣೆ ಸಾಲದು. ಅಲ್ಲಿ ಪ್ರಶ್ನೆಯ ರೂಪ ಬೇಕು: ‘ಕುಡ್ ಯು ಪ್ಲೀಸ್ ಸೆಂಡ್ ಮಿ ದ ಫಾರ್ಮ್?’ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಮರೆಯಬೇಡಿ.

ಪ್ಲೀಸ್‌ನ ವಿಷಯದಲ್ಲಿ ಇನ್ನೂ ಕೆಲವು ಸೂಕ್ಷ್ಮಗಳು:

‘ಪ್ಲೀಸ್ ಟು ಸೆಂಡ್’ ತಪ್ಪು, ‘ಪ್ಲೀಸ್ ಸೆಂಡ್’ ಸರಿ.

ವಾಕ್ಯದ ಆರಂಭದಲ್ಲಿ ಪ್ಲೀಸ್ ಬರೆದು ಅಲ್ಪವಿರಾಮ ಹಾಕಿದರೆ ಅದು ಗೋಗರೆದಂತೆ ಕೇಳುತ್ತದೆ. ಅಲ್ಪವಿರಾಮ ಬೇಡ.

ಒಂದು ವಿನಂತಿಗೆ ಒಂದೇ ಪ್ಲೀಸ್. ಸಾಲು ಸಾಲಿಗೂ ಹಾಕಿದರೆ ಅದರ ಬೆಲೆ ಇಳಿಯುತ್ತದೆ, ಓದುವವರಿಗೆ ಕಿರಿಕಿರಿಯೂ ಆಗುತ್ತದೆ.

ಮೊಬೈಲಿನಲ್ಲಿ ಬರೆಯುವ ‘ಪಿ-ಎಲ್-ಝೆಡ್’ ಅಕ್ಕತಂಗಿಯರ ನಡುವೆ ಇರಲಿ. ಪ್ರಾಂಶುಪಾಲರಿಗೆ ಬೇಡ. ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯುವುದೂ ಬೇಡ, ಅದು ಕೂಗಿದಂತೆ.

ಇನ್ನು ‘ಕೈಂಡ್ಲಿ’. ನಮ್ಮ ದೇಶದ ಕಚೇರಿಗಳಲ್ಲಿ ಇದು ‘ದಯವಿಟ್ಟು’ವಿನ ಸ್ಥಾನದಲ್ಲಿದೆ, ಇಲ್ಲಿ ಯಾರಿಗೂ ತಪ್ಪೆನಿಸುವುದಿಲ್ಲ. ಆದರೆ ಇಂಗ್ಲೆಂಡ್, ಅಮೆರಿಕದ ಇಂದಿನ ಓದುಗರಿಗೆ ಅದು ಹಳೆಯ ಕಾಲದ್ದಾಗಿ, ಕೆಲವೊಮ್ಮೆ ಸಿಟ್ಟನ್ನು ಬಿಗಿಹಿಡಿದು ಹೇಳಿದಂತೆ ಕೇಳಬಹುದು. ಹೊರದೇಶಕ್ಕೆ ಬರೆಯುವಾಗ ಪ್ಲೀಸ್ ಬಳಸುವುದು ಸುರಕ್ಷಿತ. ‘ಪ್ಲೀಸ್ ಕೈಂಡ್ಲಿ’ ಎಂದು ಎರಡನ್ನೂ ಒಟ್ಟಿಗೆ ಬರೆಯುವುದು ಎಲ್ಲಿಗೂ ಬೇಡ. ‘ದಯವಿಟ್ಟು ದಯಮಾಡಿ’ ಎಂದಂತಾಗುತ್ತದೆ.

ನಂಬಬಹುದಾದ ನಾಲ್ಕು ವಾಕ್ಯಗಳು

ಇಂಗ್ಲಿಷಿನಲ್ಲಿ ವಿನಂತಿಗೆ ಹತ್ತಾರು ದಾರಿಗಳಿವೆ. ನಮಗೆ ನಾಲ್ಕು ಸಾಕು. ಆದರೆ ಅವು ಅಚ್ಚುಕಟ್ಟಾಗಿರಲಿ.

ಮೊದಲನೆಯದು, ‘ಕುಡ್ ಯು ಪ್ಲೀಸ್...?’ ಸಾಮಾನ್ಯ ವಿನಂತಿಗೆ ಇದು ಎಲ್ಲಿಯೂ ಸಲ್ಲುತ್ತದೆ. ಕೆಲವರು ‘ಮೇ ಯು ಪ್ಲೀಸ್ ಸೆಂಡ್’ ಎಂದು ಬರೆಯುತ್ತಾರೆ. ಇದು ಸರಿಯಲ್ಲ. ‘ಮೇ ಐ’ ಎಂದರೆ ‘ನಾನು ಮಾಡಬಹುದೇ’ ಎಂದು ಅನುಮತಿ ಕೇಳುವುದು. ‘ಮೇ ಯು’ ಎಂದರೆ ಹಾರೈಕೆ. ‘ಮೇ ಯು ಲಿವ್ ಲಾಂಗ್’ ಎಂದು ಹಿರಿಯರು ಹರಸುತ್ತಾರಲ್ಲ, ಹಾಗೆ. ಬ್ಯಾಂಕ್ ಮ್ಯಾನೇಜರಿಗೆ ಹಾರೈಸಿದರೆ ಪಾಸ್‌ಬುಕ್ ಬಾರದು!

ಎರಡನೆಯದು, ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್...’ ಸ್ವಲ್ಪ ದೊಡ್ಡ ಉಪಕಾರಕ್ಕೆ, ಅಪರಿಚಿತ ಅಧಿಕಾರಿಗಳಿಗೆ ಬಹಳ ಒಪ್ಪುವ ವಾಕ್ಯ. ಮುಂದೆ ವುಡ್ ಇದ್ದರೆ ಹಿಂದೆ ಕುಡ್ ಅಥವಾ ವುಡ್ ಇರಬೇಕು. ‘ಇಫ್ ಯು ಕ್ಯಾನ್’, ‘ಇಫ್ ಯು ವಿಲ್’ ಎಂದು ಬರೆದರೆ ವಾಕ್ಯ ಕುಂಟುತ್ತದೆ. ಇದು ಪ್ರಶ್ನೆಯಲ್ಲ, ಹೇಳಿಕೆ. ಕೊನೆಗೆ ಪೂರ್ಣವಿರಾಮ.

ಮೂರನೆಯದು, ‘ಐ ವುಡ್ ಅಪ್ರೀಷಿಯೇಟ್ ಇಟ್ ಇಫ್ ಯು ಕುಡ್...’ ಇಲ್ಲಿ ನಡುವಿನ ಪುಟ್ಟ ‘ಇಟ್’ ಬಹಳ ಜನ ಬಿಟ್ಟುಬಿಡುತ್ತಾರೆ. ಅದು ಇರಲೇಬೇಕು.

ನಾಲ್ಕನೆಯದು, ನಮ್ಮ ದೇಶದ ಅರ್ಜಿಗಳಲ್ಲಿ ಚಿರಪರಿಚಿತವಾದ ‘ಐ ರಿಕ್ವೆಸ್ಟ್ ಯು ಟು...’ ಸರ್ಕಾರಿ ಕಚೇರಿಗೆ, ಶಾಲೆಗೆ ಇದು ಧಾರಾಳವಾಗಿ ನಡೆಯುತ್ತದೆ. ಆದರೆ ‘ಐ ರಿಕ್ವೆಸ್ಟ್ ಟು ಯು’ ಎನ್ನಬಾರದು. ‘ಐ ರಿಕ್ವೆಸ್ಟೆಡ್ ಫಾರ್ ಲೀವ್’ ಎಂಬುದೂ ತಪ್ಪು. ಕ್ರಿಯಾಪದವಾದಾಗ ಅದಕ್ಕೆ ‘ಫಾರ್’ ಬೇಡ. ‘ಐ ರಿಕ್ವೆಸ್ಟೆಡ್ ಲೀವ್’ ಸಾಕು. ‘ಮೈ ರಿಕ್ವೆಸ್ಟ್ ಫಾರ್ ಲೀವ್’ ಎಂದು ನಾಮಪದವಾಗಿ ಬರೆಯುವಾಗ ಮಾತ್ರ ಫಾರ್ ಬರುತ್ತದೆ.

ಇವುಗಳ ಜೊತೆಗೆ ‘ವುಡ್ ಯು ಮೈಂಡ್’ ಎಂಬ ಒಂದು ತುಂಟ ವಾಕ್ಯವಿದೆ. ‘ವುಡ್ ಯು ಮೈಂಡ್ ಸೆಂಡಿಂಗ್ ದ ಫಾರ್ಮ್?’ ಇಲ್ಲಿ ‘ಟು ಸೆಂಡ್’ ಬರುವುದಿಲ್ಲ, ‘ಸೆಂಡಿಂಗ್’ ಬರಬೇಕು. ಇದರ ಅರ್ಥ ‘ಫಾರ್ಮ್ ಕಳುಹಿಸಲು ನಿಮಗೇನಾದರೂ ಅಭ್ಯಂತರವೇ?’ ಎಂದು. ಯಾರಾದರೂ ನಿಮ್ಮನ್ನೇ ಹೀಗೆ ಕೇಳಿದರೆ ಒಪ್ಪಿಗೆಗೆ ‘ನೋ, ನಾಟ್ ಅಟ್ ಆಲ್’ ಎನ್ನಬೇಕು. ಉತ್ಸಾಹದಿಂದ ‘ಯೆಸ್’ ಎಂದರೆ ‘ಹೌದು, ಅಭ್ಯಂತರವಿದೆ’ ಎಂದಾದೀತು.

‘ನೀಡ್‌ಫುಲ್’ ಅಂದರೆ ಏನು?

ನಾದಿನಿಯ ಪತ್ರದ ಕೊನೆಯ ಸಾಲನ್ನು ನೆನಪಿಸಿಕೊಳ್ಳಿ: ‘ಡು ದ ನೀಡ್‌ಫುಲ್’. ಬ್ರಿಟಿಷರೇ ಹಿಂದೆ ಬಳಸುತ್ತಿದ್ದ ಈ ಮಾತು ಅವರಲ್ಲಿ ಹಳತಾಯಿತು, ನಮ್ಮ ಕಚೇರಿಗಳಲ್ಲಿ ಉಳಿದುಕೊಂಡಿತು. ಒರಟಲ್ಲ, ಆದರೆ ಕೆಲಸಕ್ಕೆ ಬಾರದ್ದು. ‘ಆಗಬೇಕಾದ್ದನ್ನು ಮಾಡಿ’ ಎಂದರೆ ಏನು ಮಾಡಬೇಕು? ಹೊಸ ಪ್ರಮಾಣಪತ್ರ ಕೊಡಬೇಕೇ, ಹಳೆಯದರಲ್ಲೇ ತಿದ್ದಬೇಕೇ, ಬೇರೊಂದು ದೃಢೀಕರಣ ಬರೆದುಕೊಡಬೇಕೇ? ಓದುವವರು ಊಹಿಸಬೇಕು. ಊಹಿಸುವ ತಾಪತ್ರಯವೇ ಬೇಡವೆಂದು ಪತ್ರವನ್ನು ಬದಿಗಿಡುವವರೂ ಇದ್ದಾರೆ. ಓದುವವರ ಕೆಲಸವನ್ನು ಹಗುರ ಮಾಡಿಕೊಡುವುದೂ ವಿನಯವೇ ಅಲ್ಲವೇ?

‘ಇಮ್ಮೀಡಿಯೆಟ್ಲಿ’, ‘ಅಟ್ ದ ಅರ್ಲಿಯೆಸ್ಟ್’ ಎಂಬ ಪದಗಳೂ ಹೀಗೆಯೇ. ಅವುಗಳ ಬದಲು ತಾರೀಖು ಬರೆಯಿರಿ, ಕಾರಣ ಬರೆಯಿರಿ. ‘ಕಾಲೇಜಿನ ಕೊನೆಯ ದಿನ ಜೂನ್ 20. ಅದಕ್ಕೆ ಮೊದಲು ಸಿಕ್ಕಿದರೆ ಉಪಕಾರ’ ಎಂಬುದರಲ್ಲಿರುವ ತುರ್ತು ‘ಕೂಡಲೇ’ ಎಂಬುದರಲ್ಲಿಲ್ಲ. ‘ರಿವರ್ಟ್ ಬ್ಯಾಕ್’ ಎಂಬುದನ್ನೂ ಬಿಡಿ. ರಿವರ್ಟ್ ಎಂದರೆ ಮೂಲತಃ ಹಿಂದಿನ ಸ್ಥಿತಿಗೆ ಮರಳುವುದು. ಉತ್ತರಿಸುವುದಕ್ಕೆ ‘ರಿಪ್ಲೈ’ ಎಂಬ ಸರಳ ಪದವೇ ಇದೆ.

ತಪ್ಪು ಯಾರದೆಂದು ಹೇಳುವ ರೀತಿಯಲ್ಲೂ ಜಾಣತನ ಬೇಕು. ‘ಯು ಹ್ಯಾವ್ ರಾಂಗ್ಲಿ ರಿಟನ್’ ಎಂದರೆ ಪತ್ರ ಓದುವವರು ಮೊದಲು ತಮ್ಮನ್ನು ಸಮರ್ಥಿಸಿಕೊಳ್ಳಲು ಹೊರಡುತ್ತಾರೆ. ‘ದ ನೇಮ್ ಅಪಿಯರ್ಸ್ ಆ್ಯಸ್...’ ಅಂದರೆ ‘ಹೆಸರು ಹೀಗೆ ದಾಖಲಾಗಿದೆ’ ಎಂದರೆ ವಿಷಯ ತಿಳಿಯಿತು, ಯಾರಿಗೂ ಚುಚ್ಚಲಿಲ್ಲ.

ವಿನಯ ಬೇರೆ, ದೈನ್ಯ ಬೇರೆ

ಇದೆಲ್ಲ ಓದಿ ನೀವು ಅತಿಯಾಗಿ ಬಾಗಬೇಕಾಗಿಲ್ಲ. ‘ಐ ಬೆಗ್ ಟು ಸ್ಟೇಟ್’, ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಮುಂತಾದ ಮಾತುಗಳು ಆಳುವವರ ಮುಂದೆ ಪ್ರಜೆಗಳು ಅರ್ಜಿ ಹಿಡಿದು ನಿಲ್ಲುತ್ತಿದ್ದ ಕಾಲದವು. ಇಂದು ಅವು ಬೇಡ. ‘ಐ ಆ್ಯಮ್ ರೈಟಿಂಗ್ ಟು’ ಎಂದು ನೇರವಾಗಿ ಆರಂಭಿಸಿ.

ಕೆಲವು ಸಂಗತಿಗಳು ನಮ್ಮ ಹಕ್ಕು. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಸರ್ಕಾರಿ ಕಚೇರಿಯಿಂದ ಮಾಹಿತಿ ಕೇಳುವವರು ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಸಿಗಬೇಕು. ಅಲ್ಲಿ ‘ಐ ವುಡ್ ಬಿ ಗ್ರೇಟ್‌ಫುಲ್’ ಎಂಬ ಕೃತಜ್ಞತೆಯ ಭಾರ ಬೇಕಾಗಿಲ್ಲ. ‘ಐ ರಿಕ್ವೆಸ್ಟ್ ದ ಫಾಲೋಯಿಂಗ್ ಇನ್ಫರ್ಮೇಶನ್’ ಎಂದರೆ ಸಾಕು. ಆ ಅರ್ಜಿ ಇಂಗ್ಲಿಷಿನಲ್ಲೇ ಇರಬೇಕೆಂದೂ ಇಲ್ಲ, ನಮ್ಮ ರಾಜ್ಯದಲ್ಲಿ ಕನ್ನಡದಲ್ಲಿಯೇ ಬರೆಯಬಹುದು. ಕನ್ನಡ ನಡೆಯುವಲ್ಲಿ ಕನ್ನಡದಲ್ಲೇ ಬರೆಯುವುದು ಸಂಕೋಚದ ವಿಷಯವಲ್ಲ.

ಉತ್ತರ ಬಾರದಿದ್ದರೆ? ಎರಡನೆಯ ಪತ್ರವೂ ಮರ್ಯಾದೆಯದೇ ಆಗಿರಲಿ, ಆದರೆ ಗಟ್ಟಿಯಾಗಿರಲಿ. ‘ಜೂನ್ 5ರಂದು ನಾನು ಪತ್ರ ಬರೆದಿದ್ದೆ, ಉತ್ತರ ಬಂದಿಲ್ಲ’ ಎಂದು ತಾರೀಖು ಸಹಿತ ಹೇಳಿ, ‘ಕುಡ್ ಯು ಪ್ಲೀಸ್ ಲೆಟ್ ಮಿ ನೋ ವೆನ್ ಐ ಕ್ಯಾನ್ ಎಕ್ಸ್‌ಪೆಕ್ಟ್ ಎ ರಿಪ್ಲೈ?’ ಎಂದು ಕೇಳಿ. ಮೆದುವಾದ ಈ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಸುಲಭವಲ್ಲ.

ಆ ಪತ್ರ ಹೀಗಾಯಿತು

ಅಂದು ಸಂಜೆ ನಾದಿನಿಯೂ ನಾನೂ ಅಡುಗೆಮನೆಯ ಮೇಜಿನ ಬಳಿ ಕುಳಿತು ಪತ್ರವನ್ನು ಹೊಸದಾಗಿ ಬರೆದೆವು. ನೀವೂ ಇದನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು.

‘ಡಿಯರ್ ಮೇಡಂ,

ಮೈ ಡಾಟರ್ ಸ್ಟಡೀಡ್ ಇನ್ ಯುವರ್ ಸ್ಕೂಲ್ ಅಪ್ ಟು ದ ಟೆನ್ತ್ ಸ್ಟ್ಯಾಂಡರ್ಡ್. ಇನ್ ಹರ್ ಟ್ರಾನ್ಸ್‌ಫರ್ ಸರ್ಟಿಫಿಕೇಟ್, ಹರ್ ಫಾದರ್ಸ್ ನೇಮ್ ಅಪಿಯರ್ಸ್ ವಿತ್ “ಎಂಡಿ”. ಇನ್ ಹಿಸ್ ಪಾಸ್‌ಪೋರ್ಟ್ ಇಟ್ ಈಸ್ ರಿಟನ್ ಇನ್ ಫುಲ್ ಆ್ಯಸ್ “ಮೊಹಮ್ಮದ್”.

ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಇಶ್ಯೂ ಎ ಕರೆಕ್ಟೆಡ್ ಸರ್ಟಿಫಿಕೇಟ್. ದ ಲಾಸ್ಟ್ ಡೇಟ್ ಅಟ್ ಹರ್ ಕಾಲೇಜ್ ಈಸ್ ಟ್ವೆಂಟಿಯತ್ ಜೂನ್. ಕಾಪೀಸ್ ಆಫ್ ಬೋತ್ ಡಾಕ್ಯುಮೆಂಟ್ಸ್ ಆರ್ ಎನ್‌ಕ್ಲೋಸ್ಡ್. ಕುಡ್ ಯು ಪ್ಲೀಸ್ ಟೆಲ್ ಮಿ ಇಫ್ ಎನಿಥಿಂಗ್ ಎಲ್ಸ್ ಈಸ್ ನೀಡೆಡ್?

ಯುವರ್ಸ್ ಫೇತ್‌ಫುಲಿ,’

ಕೆಳಗೆ ಸಹಿ, ಪೂರ್ತಿ ಹೆಸರು, ಫೋನ್ ನಂಬರು. ಹೆಸರು ತಿಳಿಯದೆ ‘ಡಿಯರ್ ಮೇಡಂ’ ಎಂದು ಆರಂಭಿಸಿದರೆ ‘ಯುವರ್ಸ್ ಫೇತ್‌ಫುಲಿ’, ಹೆಸರು ಹಿಡಿದು ಆರಂಭಿಸಿದರೆ ‘ಯುವರ್ಸ್ ಸಿನ್ಸಿಯರ್ಲಿ’ ಎಂಬುದು ಬ್ರಿಟಿಷ್ ಪದ್ಧತಿ. ‘ಯುವರ್ಸ್’ ಪದದಲ್ಲಿ ಕೊನೆಯ ‘ಎಸ್’ಗೆ ಮೊದಲು ಮೇಲೊಂದು ಕೊಂಬು ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ. ಅದು ತಪ್ಪು.

ಮೊದಲ ಪತ್ರಕ್ಕಿಂತ ಇದು ತುಸು ಉದ್ದ. ಆದರೆ ಇದರಲ್ಲಿ ಏನಾಗಿದೆ, ಏನು ಬೇಕು, ಯಾವಾಗ ಬೇಕು, ಏಕೆ ಬೇಕು ಎಂಬ ನಾಲ್ಕೂ ಇವೆ. ಪ್ಲೀಸ್ ಇರುವುದು ಒಂದೇ ಕಡೆ.

ಪತ್ರ ಒಯ್ದು ಕೊಟ್ಟ ಮೂರನೆಯ ದಿನ ಶಾಲೆಯಿಂದ ಫೋನ್ ಬಂತು. ತಂದೆಯ ಹೆಸರಿನ ಇನ್ನೊಂದು ದಾಖಲೆ ಬೇಕೆಂದರು. ಅದನ್ನೂ ಕೊಟ್ಟಳು. ಗಡುವಿಗೆ ಒಂದು ದಿನ ಮೊದಲು ತಿದ್ದಿದ ಪ್ರಮಾಣಪತ್ರ ಕೈಗೆ ಸಿಕ್ಕಿತು. ಪತ್ರದ ಮಾತಿನಿಂದಲೇ ಎಲ್ಲ ಆಯಿತೆಂದು ನಾನು ಹೇಳಲಾರೆ. ಆದರೆ ಮೊದಲ ಪತ್ರ ಮುಚ್ಚಿದ್ದ ಬಾಗಿಲನ್ನು ಎರಡನೆಯದು ತೆರೆಯಿತು ಎಂಬುದಂತೂ ನಿಜ. ಮಗಳು ಈಗ ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಾಳೆ.

ಮುಂದಿನ ಸಲ ಪತ್ರ ಬರೆದು ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಅದನ್ನು ಲಕೋಟೆಗೆ ಹಾಕುವ ಮೊದಲು ನಿಮಗೇ ಬಂದ ಪತ್ರವೆಂದು ಭಾವಿಸಿ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ನಿಮ್ಮ ಮುಖ ಗಂಟಿಕ್ಕದಿದ್ದರೆ, ಏನು ಮಾಡಬೇಕೆಂದು ನಿಮಗೆ ತಿಳಿದರೆ, ಪತ್ರ ಸರಿಯಾಗಿದೆ. ಇಂಗ್ಲಿಷ್ ಪಂಡಿತರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನೆರೆಮನೆಯ ಬಾಗಿಲಲ್ಲಿ ನಿಂತು ‘ಸ್ವಲ್ಪ ಸಕ್ಕರೆ ಬೇಕಾಗಿತ್ತು’ ಎಂದು ಕೇಳಬಲ್ಲ ನಿಮಗೆ ವಿನಯವನ್ನು ಯಾರೂ ಕಲಿಸಬೇಕಾಗಿಲ್ಲ; ಅದರ ಇಂಗ್ಲಿಷ್ ರೂಪವಷ್ಟೇ ಕಲಿಯಬೇಕಾದದ್ದು.